ದೇವರ ತಮ್ಮ

ನವೆಂಬರ್ ೩, ಮಂಗಳವಾರ

ಪುಟ್ಟಿಗೆ ಮಾವನ ಆಶೀರ್ವಾದ.

ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೋರ್ಟಿಗೆ ಹೋದವರಲ್ಲಿ ಇವತ್ತಿನವರೆಗೆ ಒಬ್ಬನೂ ಸೋತಿಲ್ಲ. ಬೆಂಕಿಯೇ ನನ್ನ ಅಂಗೈ ಕಂಡರೆ ಕೈಮುಗಿದು ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ಇದೆಲ್ಲ ನಿನಗೆ ಗೊತ್ತಿರುವುದೇ. ಗೊತ್ತಿಲ್ಲದ್ದನ್ನು ಈಗ ಕೇಳು. ನಾನು ದೇವರನ್ನು ಕಂಡುಹಿಡಿದೆ. ನಮ್ಮ ಇಸ್ತ್ರಿ ಅಂಗಡಿಯಲ್ಲೇ, ಮೇಜಿನ ಹಿಂದೆ.

ಫೋನಿನಲ್ಲಿ ಹೇಳಬಹುದಿತ್ತು. ಎದುರಿನ ಔಷಧದಂಗಡಿಯವನು ಫೋನಿಗೆ ಬೀಗ ಹಾಕಿ ಎರಡು ತಿಂಗಳಾಯಿತು. ನಾನು ಹಿಡಿದರೆ ಬಿಡುವುದಿಲ್ಲವಂತೆ.

ನಮ್ಮ ಭಜನಾ ಮಂಡಳಿ ನಿನಗೆ ಗೊತ್ತಲ್ಲ, ಹಾರ್ಮೋನಿಯಂ ಒಂದು ದಾರಿ, ನಾವೆಲ್ಲ ಒಂದು ದಾರಿ ಹೋಗುತ್ತೇವಲ್ಲ, ಅದೇ. ಹೋದ ತಿಂಗಳು ಅಲ್ಲಿಗೆ ಒಬ್ಬ ಸ್ವಾಮಿಗಳು ಬಂದಿದ್ದರು. "ಅಭಿಷೇಕ ಮಾಡಿ ಮಾಡಿ ಕಲ್ಲು ಸವೆಯಿತು, ನಿಮ್ಮ ಅಹಂಕಾರ ಸವೆಯಲಿಲ್ಲ. ಉಸಿರಾಡುವ ದೇವರು ನಿಮ್ಮ ಮನೆಯಲ್ಲೇ ಇದ್ದಾನೆ. ಹೋಗಿ ಅವನ ಕಾಲು ತೊಳೆಯಿರಿ" ಅಂದರು. ಮಿಕ್ಕವರೆಲ್ಲ ಸ್ವಾಮಿಗಳ ಕಾಲನ್ನೇ ನೋಡುತ್ತಾ ಕೂತರು. ನಾನು ಎದ್ದು ನಿಂತು, "ನಮ್ಮ ಅಕ್ಕ ಇದ್ದಾಳೆ" ಅಂದೆ.

ನೀನೇ ಯೋಚಿಸು. ಅಪ್ಪ ಅಮ್ಮ ಹೋದಾಗ ನನಗೆ ಏಳು ವರ್ಷ, ಅವಳಿಗೆ ಹದಿನಾರು. ಅವತ್ತು ಮೇಜಿನ ಹಿಂದೆ ನಿಂತವಳು ಕೂತದ್ದನ್ನು ನಾನು ಕಂಡಿಲ್ಲ. ನನ್ನನ್ನು ನಿಂತೇ ಸಾಕಿದಳು. ನಿಮ್ಮಪ್ಪ ತೀರಿಹೋದ ಮೇಲೆ ನಿನ್ನನ್ನೂ ನಿಂತೇ ಸಾಕಿದಳು. ನಲವತ್ತೈದು ವರ್ಷ! ಯಾವ ಗರ್ಭಗುಡಿಯ ದೇವರು ಹೀಗೆ ನಿಂತಿದ್ದಾನೆ?

ಭಾನುವಾರ ಬೆಳಿಗ್ಗೆ ಅಂಗಡಿಯೊಳಗೆ ಕುರ್ಚಿ ಹಾಕಿ, ಮಡಿ ಬಟ್ಟೆ ಹಾಸಿ, "ಕೂತ್ಕೋ ಅಕ್ಕ" ಅಂದೆ. "ಹುಚ್ಚು ಹಿಡೀತೇನೋ" ಅಂತ ಬೈದಳು, ಆದರೆ ಕೂತಳು. ಚಳಿಗಾಲ, ತಣ್ಣೀರು ಹಾಕಿದರೆ ದೇವರಿಗೆ ನೆಗಡಿಯಾದೀತು ಅಂತ ನಾನೇ ನೀರು ಕಾಯಿಸಿದೆ. ನಾನೇ ಕೈ ಅದ್ದಿ ನೋಡಿದೆ. ಹದವಾಗಿತ್ತು. ತಟ್ಟೆಯಲ್ಲಿ ಪಾದ ಇಟ್ಟು ಸುರಿದೆ. ತೀರ್ಥಕ್ಕೆ ಕೈಯೊಡ್ಡಿದ್ದ ಭಜನೆ ಮೇಷ್ಟ್ರು "ಅಯ್ಯಯ್ಯೋ, ಕುದಿಯೋ ನೀರು ಕಣಯ್ಯಾ!" ಅಂತ ಮಾರುದ್ದ ಹಾರಿದರು. ಅಕ್ಕ? ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ. ನಗುತ್ತಾ ಕೂತಿದ್ದಳು. ಸೇರಿದ್ದ ಇನ್ನೂರು ಜನ ಅಡ್ಡಬಿದ್ದರು.

ಇನ್ನು ನಲವತ್ತೆಂಟು ದಿನ ದಿನಾ ಪಾದಪೂಜೆ ಅಂತ ಸಂಕಲ್ಪ ಮಾಡಿದ್ದೇನೆ. ನೀನೂ ಬಾ. ಕಾಲು ಊನವಾದವರಿಗೆ ಬೂಟು ಹೊಲಿಯುವ ಆ ಕಾರ್ಖಾನೆಯಲ್ಲಿ ಕಂಡವರ ಕಾಲಿಗೆಲ್ಲ ಅಳತೆಪಟ್ಟಿ ಸುತ್ತುತ್ತೀಯಲ್ಲ, ಒಂದು ಸಲ ಹೆತ್ತವಳ ಕಾಲನ್ನೂ ಮುಟ್ಟು.

ನಿನ್ನ ಮಾವ,
ದೇವರ ತಮ್ಮ


ನವೆಂಬರ್ ೧೪

ಮಾವನಿಗೆ ನಮಸ್ಕಾರ.

ನಿಮ್ಮ ಲೆಕ್ಕವನ್ನು ನಾನು ಚಿಕ್ಕವಳಿದ್ದಾಗಿನಿಂದ ಹತ್ತರಿಂದ ಭಾಗಿಸಿಯೇ ಓದುವುದು. ಇನ್ನೂರು ಜನ ಅಂದರೆ ಇಪ್ಪತ್ತು. ಕುದಿಯುವ ನೀರು ಅಂದರೆ ಉಗುರುಬೆಚ್ಚಗಿನ ನೀರು. ಮೇಷ್ಟ್ರು ಮಾರುದ್ದ ಹಾರಿದರು ಅಂದರೆ ಕೈ ಹಿಂದಕ್ಕೆ ತೆಗೆದುಕೊಂಡರು. ಇರಲಿ, ನಕ್ಕೆ.

ಅಮ್ಮನನ್ನು ಒಂದು ಗಳಿಗೆ ಕೂರಿಸಿದಿರಲ್ಲ, ಅದಕ್ಕೆ ಸಂತೋಷ. ಆದರೆ ಪೂಜೆ ಮುಗಿದ ಮೇಲೆ ಅವತ್ತಿನ ಬಟ್ಟೆಗೆಲ್ಲ ಇಸ್ತ್ರಿ ಹಾಕಿದ್ದು ಯಾರು? ಅದನ್ನು ನೀವು ಬರೆದಿಲ್ಲ. ಅವಳ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪದೆ ಕೊಡುತ್ತಿದ್ದೀರಾ? ಅದನ್ನೂ ಬರೆದಿಲ್ಲ. ದೇವರಾದರೂ ಮಾತ್ರೆ ಬಿಡುವ ಹಾಗಿಲ್ಲ.

ಕಂಡವರ ಕಾಲು ಅಂದಿರಿ. ಕಂಡವರ ಕಾಲು ಮುಟ್ಟಿಯೇ ನಾನು ಅನ್ನ ತಿನ್ನುವುದು. ನನಗೆ ಅದರಲ್ಲಿ ನಾಚಿಕೆಯಿಲ್ಲ, ನಿಮಗೇಕೆ?

ಈಗ ಬರಲು ಆಗುವುದಿಲ್ಲ. ಕೈತುಂಬ ಕೆಲಸವಿದೆ.

ಪುಟ್ಟಿ


ನವೆಂಬರ್ ೨೫

ಪುಟ್ಟಿ,

ಭಾಗಿಸುತ್ತಾಳಂತೆ! ನಾಲ್ಕನೇ ಕ್ಲಾಸಿನಲ್ಲಿ ಇಡೀ ಶಾಲೆಗೆ ಮಗ್ಗಿ ಹೇಳಿಕೊಟ್ಟವನು ನಾನು. ಮೇಷ್ಟ್ರು ನನ್ನನ್ನು ಐದನೇ ಕ್ಲಾಸಿಗೆ ಕಳಿಸಲಿಲ್ಲ, ಕಳಿಸಿದ್ದರೆ ಅವರ ಕೆಲಸಕ್ಕೇ ಸಂಚಕಾರ ಬರುತ್ತಿತ್ತು.

ಇಸ್ತ್ರಿ ಯಾರು ಹಾಕಿದರು ಅನ್ನುವುದೆಲ್ಲ ಸಣ್ಣ ಪ್ರಶ್ನೆ. ದೊಡ್ಡ ವಿಷಯ ಬರೆಯುತ್ತೇನೆ, ಕೂತು ಓದು.

ಪೂಜೆಗೆ ಈಗ ಬೀದಿಯ ಆ ತುದಿಯಿಂದ ಸಾಲು ನಿಲ್ಲುತ್ತದೆ. ಮೊದಲು ಬಿಸಿನೀರು, ಆಮೇಲೆ ಹಾಲು, ಆಮೇಲೆ ಜೇನುತುಪ್ಪ, ಮತ್ತೆ ಬಿಸಿನೀರು. ನೀರಿನ ಹದ ನೋಡುವ ಅಧಿಕಾರ ನನಗೊಬ್ಬನಿಗೇ. ಬೇರೆಯವರು ಕೈ ಅದ್ದಿದರೆ "ಹಾ ಹಾ" ಅಂತ ಕುಣಿಯುತ್ತಾರೆ, ಅಳ್ಳೆದೆಯವರು. ನೈವೇದ್ಯದ ಸಿಹಿ ಮೊದಲು ಅಕ್ಕನಿಗೆ. ಅವಳು ಬೇಡ ಅಂದರೆ ಭಕ್ತರಿಗೆ ಬೇಜಾರು, ಅದಕ್ಕೆ ತಿನ್ನುತ್ತಾಳೆ.

ಈಗ ಕೇಳು. ಅವಳ ಬಲಪಾದದಲ್ಲಿ ಪದ್ಮ ಮೂಡಿದೆ!

ಮೊದಲು ಹೆಬ್ಬೆರಳ ಬುಡದಲ್ಲಿ ಮೊಗ್ಗಿನಂಥ ಒಂದು ಗುಳ್ಳೆ. ಅದು ಒಡೆದು, ಸುತ್ತ ದಳ ಬಿಚ್ಚಿದ ಹಾಗೆ ಚರ್ಮ ಎದ್ದು, ನಡುವೆ ಕೆಂಪಗೆ. ಭಜನೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿ, "ಇದು ಸಾಕ್ಷಾತ್ ಪದ್ಮರೇಖೆ" ಅಂದರು. ಹೆಂಗಸರು ಕಣ್ಣಿಗೊತ್ತಿಕೊಂಡರು. ಈಗ ಪಕ್ಕದ ಬೆರಳಿಗೂ ಹಬ್ಬುತ್ತಿದೆ. ಒಂದು ಥರ ವಾಸನೆಯೂ ಇದೆ. ಅದಕ್ಕೆ ಊದುಬತ್ತಿ ಜಾಸ್ತಿ ಹಚ್ಚುತ್ತೇವೆ.

"ನೋಯುತ್ತಾ ಅಕ್ಕ?" ಅಂತ ನಾನೇ ಕೇಳಿದೆ. "ಏನೂ ಇಲ್ಲ ಕಣೋ. ಯಾರದೋ ಕಾಲು ಇದ್ದ ಹಾಗಿದೆ" ಅಂದಳು. ಕೇಳಿದೆಯಾ? ದೇಹದ ಮೇಲಿನ ಅಭಿಮಾನ ಬಿಟ್ಟವರ ಬಾಯಲ್ಲಿ ಬರುವ ಮಾತು ಇದು. ನಿನ್ನ ಕಾರ್ಖಾನೆಯಲ್ಲಿ ಇಂಥ ಕಾಲು ಯಾವತ್ತಾದರೂ ಕಂಡಿದ್ದೀಯಾ?

ನಿನ್ನ ಮಾವ,
ದೇವರ ತಮ್ಮ


ತಂತಿ, ಡಿಸೆಂಬರ್ ೧

ಕಾಲಿಗೆ ನೀರು ಹಾಕಬೇಡಿ. ಪೂಜೆ ಇವತ್ತೇ ನಿಲ್ಲಿಸಿ. ಅಮ್ಮನನ್ನು ತಕ್ಷಣ ಆಸ್ಪತ್ರೆಗೆ ಸೇರಿಸಿ. ಪುಟ್ಟಿ


ಡಿಸೆಂಬರ್ ೨

ಪುಟ್ಟಿ,

ನಿನಗೆ ಬುದ್ಧಿ ಇದೆಯಾ? ಮಂಗಳಾರತಿಯ ಹೊತ್ತಿಗೆ ಸರಿಯಾಗಿ ತಂತಿಯವನು ಬಂದು ಬಾಗಿಲಲ್ಲಿ ನಿಂತ. ತಂತಿ ಅಂದರೆ ಸಾವು ಅಂತ ನಾಲ್ಕು ಜನ ಹೆಂಗಸರು ಓದುವ ಮೊದಲೇ ಅಳಲು ಶುರು ಮಾಡಿದರು. ಆರತಿ ತಟ್ಟೆ ನನ್ನ ಕೈಯಿಂದ ಬಿತ್ತು. ನನ್ನ ಕೈಯಿಂದ! ಕೆಂಡದ ಇಸ್ತ್ರಿಪೆಟ್ಟಿಗೆಯನ್ನೂ ಬೀಳಿಸದ ಕೈ. ಮೇಷ್ಟ್ರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. "ಸ್ವಂತ ಮಗಳೇ ಹೀಗಾ?" ಅಂತ ಒಬ್ಬಾಕೆ ಅಂದಳು. ನನ್ನ ಮುಖ ಎಲ್ಲಿಡಲಿ?

ಪೂಜೆ ನಿಲ್ಲಿಸು ಅನ್ನಲು ನೀನ್ಯಾರು? ತಾಯಿಯನ್ನು ನೋಡಲು ಬಾ ಅಂದರೆ ಕೆಲಸ. ಅಪ್ಪಣೆ ಕೊಡಲು ಮಾತ್ರ ತಂತಿ. ಅಕ್ಕನ ಕಾಲು ತೊಳೆಯುವ ನನ್ನನ್ನು ಊರೇ ಹೊಗಳುತ್ತಿದೆ. ಹೊಟ್ಟೆಕಿಚ್ಚಿಗೆ ನಾನು ಮದ್ದು ತರಲಾರೆ.

ಸಂಕಲ್ಪ ಮುಗಿಯಲು ಇನ್ನು ಹದಿನಾರು ದಿನ. ಮುಗಿದ ಮೇಲೆ ಆಸ್ಪತ್ರೆ ನೋಡೋಣ. ಅಷ್ಟು ಅರ್ಜೆಂಟಾದರೆ ನೀನೇ ಬಂದು ಕರೆದುಕೊಂಡು ಹೋಗು.

ಮಾವ


ಡಿಸೆಂಬರ್ ೯

ಮಾವ,

ಇಂಥ ಕಾಲು ಕಂಡಿದ್ದೀಯಾ ಅಂತ ಕೇಳಿದಿರಿ. ಕಂಡಿದ್ದೇನೆ. ವಾರಕ್ಕೆ ಮೂರು ಕಾಣುತ್ತೇನೆ. ಹೋದ ವರ್ಷ ಒಬ್ಬ ಮುದುಕರು ಬಂದು, ಎಡಗಾಲಿನ ಬೂಟು ಯಾಕೋ ಬಿಗಿಯಾಗಿದೆ ಅಂದರು. ಬಿಚ್ಚಿ ನೋಡಿದರೆ ಅಟ್ಟೆಯಿಂದ ಮೊಳೆ ಎದ್ದು ಪಾದದೊಳಗೆ ಅರ್ಧ ಇಳಿದಿತ್ತು. ಎಂಟು ದಿನ ಅದರ ಮೇಲೇ ನಡೆದಿದ್ದರು. ನಾನು ಇಕ್ಕಳ ಹಿಡಿದು ಎಳೆಯುವಾಗ ಅವರು ಮಳೆ ಬೆಳೆ ಮಾತಾಡುತ್ತಾ ಕೂತಿದ್ದರು. ಅವರು ದೇವರಾಗಿರಲಿಲ್ಲ ಮಾವ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಆ ಕಾಯಿಲೆ ಬಹಳ ವರ್ಷ ಇದ್ದರೆ ಕಾಲಿನ ನರ ಸಾಯುತ್ತದೆ. ಬಿಸಿ ತಿಳಿಯುವುದಿಲ್ಲ, ಗಾಯ ತಿಳಿಯುವುದಿಲ್ಲ. ಯಾರದೋ ಕಾಲು ಇದ್ದ ಹಾಗೆ ಅನಿಸುತ್ತದೆ. ನಮ್ಮ ಕಾರ್ಖಾನೆಗೆ ಬರುವವರೆಲ್ಲ ಹೇಳುವುದು ಇದೇ ಮಾತು, ಅಮ್ಮ ಹೇಳಿದ ಇದೇ ಮಾತು.

ಅದು ಪದ್ಮ ಅಲ್ಲ. ಸುಟ್ಟ ಗಾಯ. ವಾಸನೆ ಬರುತ್ತಿರುವುದು ಮಾಂಸ ಕೊಳೆಯುತ್ತಿರುವುದಕ್ಕೆ. ಅದರ ಮೇಲೆ ನೀವು ಹಾಲು, ಜೇನು ಸುರಿದು, ಮತ್ತೆ ಬಿಸಿನೀರು ಸುರಿದು, ಊದುಬತ್ತಿ ಹಚ್ಚುತ್ತಿದ್ದೀರಿ!

ನೀರಿನ ಹದ ನೋಡಿದ್ದು ಯಾವ ಕೈ ಮಾವ? ನಲವತ್ತು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದು ದಡ್ಡುಗಟ್ಟಿದ ಕೈ. ಬೆಂಕಿಯೇ ಹಿಂದೆ ಸರಿಯುತ್ತದೆ ಅಂತ ಕೊಚ್ಚಿಕೊಳ್ಳುವ ಕೈ. ಬಿಸಿ ತಿಳಿಯದ ಕೈಯಿಂದ ನೋಡಿ, ಬಿಸಿ ತಿಳಿಯದ ಕಾಲಿಗೆ ಸುರಿದಿರಿ. ನಡುವೆ ನಿಂತವರು "ಅಯ್ಯೋ" ಅಂದರೆ ಅವರು ಅಳ್ಳೆದೆಯವರು!

ದೇವರು ಅಂತ ಕೂರಿಸಿದಿರಲ್ಲ, ಆ ದೇವರ ಪಾದವನ್ನು ಒಂದು ಸಲ ಬೆಳಕಿಗೆ ಹಿಡಿದು ನೋಡಿದಿರಾ? ನಾನು ಯಾವ ಮಂತ್ರವನ್ನೂ ಹೇಳುವುದಿಲ್ಲ. ಆದರೆ ಪಾದ ಕೈಗೆತ್ತಿಕೊಂಡರೆ ಹಿಮ್ಮಡಿಯಿಂದ ಉಗುರಿನವರೆಗೆ ನೋಡದೆ ಕೆಳಗಿಡುವುದಿಲ್ಲ. ನೀವು ಅವಳ ಕಾಲು ಹಿಡಿದು ಜನರನ್ನು ನೋಡುತ್ತಿದ್ದಿರಿ.

ನಾನೇ ಬರುತ್ತಿದ್ದೆ. ಕೆಲಸ ಅಂತ ಬರೆದದ್ದು ಸುಳ್ಳು. ನನಗೆ ಈಗ ಆರು ತಿಂಗಳು. ಹಿಂದೆ ಎರಡು ಸಲ ನಿಲ್ಲಲಿಲ್ಲ, ಅದನ್ನು ನಿಮಗಾಗಲಿ ಅಮ್ಮನಿಗಾಗಲಿ ಹೇಳಿರಲಿಲ್ಲ. ಈ ಸಲ ಡಾಕ್ಟರು ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಇಳಿಯಬೇಡ ಅಂದಿದ್ದಾರೆ. ಇವರು ನನ್ನನ್ನು ಬಿಟ್ಟು ಹೊರಡುವ ಹಾಗಿಲ್ಲ. ಮಲಗಿಕೊಂಡೇ ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ಅಮ್ಮನಿಗೆ ಈಗಲೂ ಹೇಳಬೇಡಿ.

ನಿಮ್ಮ ಹದಿನಾರು ದಿನದ ಲೆಕ್ಕ ಬಿಡಿ. ಈ ಪತ್ರ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ.

ಪುಟ್ಟಿ


ಜನವರಿ ೬

ಪುಟ್ಟಿಗೆ,

ಒಂದು ತಿಂಗಳಾಯಿತು ಬರೆದು. ಅಂಗಡಿಯಲ್ಲಿ ಕೆಲಸ ಜಾಸ್ತಿ.

ಅಕ್ಕ ಆರಾಮಾಗಿದ್ದಾಳೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಬಾಯಿ ಮಾತ್ರ ದೊಡ್ಡದು. ನನ್ನನ್ನು ವರಾಂಡದಲ್ಲಿ ನಿಲ್ಲಿಸಿ, ಹತ್ತು ಜನರೆದುರು, "ಯಾರ್ರೀ ಈ ಕಾಲಿಗೆ ಬಿಸಿನೀರು ಹಾಕಿದ್ದು?" ಅಂತ ಕೂಗಿದಳು. ನಾನೇನೂ ಕಡಿಮೆ ಇಲ್ಲ, ತಿರುಗಿಸಿ ಕೊಟ್ಟೆ. ಏನು ಕೊಟ್ಟೆ ಅಂತ ಈಗ ನೆನಪಿಲ್ಲ.

ಸಣ್ಣ ಆಪರೇಷನ್. ಎರಡು ಬೆರಳು ತೆಗೆದರು. ಅದೂ ಸಣ್ಣವು, ಇದ್ದರೂ ಇಲ್ಲದಿದ್ದರೂ ಅಷ್ಟೇನೂ ಕೆಲಸಕ್ಕೆ ಬರುವಂಥವಲ್ಲ. ಮೊನ್ನೆ ಮನೆಗೆ ಬಂದಳು. ಬೆಳಿಗ್ಗೆ ಸಂಜೆ ಮಾತ್ರೆ ನಾನೇ ಕೊಡುತ್ತಿದ್ದೇನೆ. ಪೂಜೆ ಸದ್ಯಕ್ಕೆ ಇಲ್ಲ.

ನಿನ್ನ ವಿಷಯ ಹೇಳಿಲ್ಲ. ನೀನು ಮಲಗಿರು.

ಮಾವ


ಜನವರಿ ೧೫

ಮಾವ,

ಎರಡು ಬೆರಳು ಅಂದಿದ್ದೀರಿ. ನಿಮ್ಮ ಹೆಮ್ಮೆಯ ಲೆಕ್ಕವನ್ನು ಹತ್ತರಿಂದ ಭಾಗಿಸುವುದು ನನಗೆ ಗೊತ್ತು. ನಷ್ಟದ ಲೆಕ್ಕವನ್ನು ಏನು ಮಾಡಿ ಓದಬೇಕು ಅಂತ ಗೊತ್ತಿಲ್ಲ. ನೀವು ನಷ್ಟವನ್ನು ಬರೆದದ್ದು ಇದೇ ಮೊದಲು. ಮೂರು ಸಲ ಓದಿದೆ. "ಸಣ್ಣವು" ಅನ್ನುವ ಮಾತು ನೋಡಿ ಪತ್ರ ಹರಿದು ಹಾಕಬೇಕೆನಿಸಿತು. ಗಾಯವಾದದ್ದು ಹೆಬ್ಬೆರಳ ಬುಡದಲ್ಲಿ. ತೆಗೆದದ್ದು ಸಣ್ಣ ಬೆರಳು ಹೇಗೆ?

ನಿಮ್ಮ ಮೇಲಿನ ಸಿಟ್ಟು ಒಂದು ಕಡೆ ಇರಲಿ. ನೀವು ಮೊದಲ ಪತ್ರದಲ್ಲೇ ಬರೆದಿದ್ದಿರಿ, ಕುದಿಯುವ ನೀರು, ರೆಪ್ಪೆ ಅಲ್ಲಾಡಿಸಲಿಲ್ಲ ಅಂತ. ಇದೇ ಕೆಲಸ ಮಾಡುವ ನಾನು ಅದನ್ನು ಭಾಗಿಸಿ ನಕ್ಕೆ. ನಿಮ್ಮ ಬಾಯಿಂದ ನಿಜ ಬಂದ ದಿನ ನನಗದು ತಿಳಿಯಲಿಲ್ಲ. ಅದಕ್ಕೆ ನಿಮ್ಮನ್ನು ಬೈಯಲೋ ನನ್ನನ್ನೋ ಗೊತ್ತಾಗದೆ ದಿನವಿಡೀ ಗೋಡೆ ನೋಡುತ್ತಾ ಮಲಗಿರುತ್ತೇನೆ.

ಇನ್ನು ಮುಂದೆ ಹೀಗೆ ಮಾಡಿ. ದಿನಾ ಬೆಳಕಿನಲ್ಲಿ ಎರಡೂ ಪಾದ ನೋಡಿ. ತಣ್ಣೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒರೆಸಿ. ಬೆರಳ ಸಂದುಗಳಲ್ಲಿ ತೇವ ಉಳಿಯಬಾರದು. ಬರಿಗಾಲಲ್ಲಿ ಬಿಡಬೇಡಿ.

ಜೊತೆಗೆ ಎರಡು ಅಳತೆ ಹಾಳೆ ಇಟ್ಟಿದ್ದೇನೆ. ಹಾಳೆಯ ಮೇಲೆ ಪಾದ ಊರಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಎಲ್ಲೂ ಪೆನ್ಸಿಲ್ ಎತ್ತಬೇಡಿ. ಬೂಟನ್ನು ನಮ್ಮ ಮೇಸ್ತ್ರಿ ಹೊಲಿಯುತ್ತಾರೆ. ಇಲ್ಲದ ಬೆರಳಿನ ಜಾಗಕ್ಕೆ ಮೆತ್ತೆ ತುಂಬಬೇಕು, ಇಲ್ಲದಿದ್ದರೆ ಮತ್ತೆ ಹುಣ್ಣಾಗುತ್ತದೆ. ಅದಕ್ಕೆ ಬೆರಳಿನ ಲೆಕ್ಕವನ್ನು ಹಾಳೆಯ ಕೆಳಗೆ ಬರೆಯಿರಿ. ನಿಮ್ಮ ಲೆಕ್ಕ ಅಲ್ಲ. ಸರಿಯಾದ ಲೆಕ್ಕ.

ಪುಟ್ಟಿ


ಫೆಬ್ರವರಿ ೨

ಪುಟ್ಟಿ,

ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಅಂತ ಒಂದೊಂದಾಗಿ ಬರೆಯುತ್ತೇನೆ, ನಡುವೆ ಬಾಯಿ ಹಾಕಬೇಡ.

ಮೊದಲು ಮಂಡಳಿ. ಅಕ್ಕ ಮನೆಗೆ ಬಂದ ಮೇಲೆ ಒಬ್ಬರೂ ಈ ಕಡೆ ತಲೆ ಹಾಕಲಿಲ್ಲ. ನಾನೇ ಹೋಗಿ ಕೇಳಿದೆ. ಭಜನೆ ಮೇಷ್ಟ್ರು ಹಾರ್ಮೋನಿಯಂ ಧೂಳು ಒರೆಸುತ್ತಾ, "ನೋಡಪ್ಪಾ, ಭಿನ್ನವಾದ ವಿಗ್ರಹಕ್ಕೆ ಪೂಜೆ ಇಲ್ಲ, ಶಾಸ್ತ್ರ ಒಪ್ಪಲ್ಲ" ಅಂದರು. ಭಿನ್ನವಾದ ವಿಗ್ರಹ! ನಮ್ಮ ಅಕ್ಕ! "ಹಾಗಾದ್ರೆ ಈ ಬೋಡುಬಾಯಿ ಇಟ್ಕೊಂಡು ನೀನ್ಯಾಕಯ್ಯಾ ಭಜನೆ ಹೇಳ್ತೀಯ?" ಅಂದೆ. ಹಾರ್ಮೋನಿಯಂ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟುಬಿಟ್ಟೆ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿನಗೆ ನಿಜ ಹೇಳುತ್ತೇನೆ, ಇಡಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಎರಡನೆಯದು ಅಕ್ಕನ ಮೇಲೆ. ನಿನ್ನೆ ನಿನ್ನ ಹಾಳೆ ನೆಲಕ್ಕೆ ಹಾಸಿ, ಅವಳನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಕಾಲ ಬುಡದಲ್ಲಿ ಕೂತೆ. ತಡೆಯಲಾಗಲಿಲ್ಲ.

"ಬಿಸಿ ಗೊತ್ತಾಗ್ಲಿಲ್ಲ ಸರಿ. ಗುಳ್ಳೆ ಎದ್ದಿದ್ದು ಕಣ್ಣಿಗೆ ಕಾಣ್ತಿರ್ಲಿಲ್ವಾ?" ಅಂದೆ.

"ಕಾಣ್ತಿತ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ಏಳು ಅಂತಿದ್ರಿ."

ನನಗೆ ಅರ್ಥವಾಗಲಿಲ್ಲ. ಆಗ ಬೈದಳು ನೋಡು, ಈ ಬೈಗುಳಕ್ಕೆ ನಲವತ್ತೈದು ವರ್ಷ ಕಾದವಳ ಹಾಗೆ. "ಮುಠ್ಠಾಳ! ಅಪ್ಪ ಅಮ್ಮ ಹೋದಾಗಿಂದ ನನಗೆ ಕೂತ್ಕೋ ಅಂತ ಅಂದೋನು ಯಾವನಿದ್ದ? ನೀನಂದಿದ್ದು ಅದೇ ಮೊದಲು. ಬೆಳಿಗ್ಗೆ ಎರಡು ಗಂಟೆ ಹೊತ್ತು ಕೂತಿರ್ತಿದ್ದೆ. ಎದ್ರೆ ಮತ್ತೆ ಮೇಜು. ನೀವೆಲ್ಲ ತೀರ್ಥ ತಗೊಂಡು ಹೋದ್ಮೇಲೆ ಅವತ್ತಿನ ಬಟ್ಟೆಗೆಲ್ಲ ಇಸ್ತ್ರಿ ಹಾಕ್ತಿದ್ದೋರು ಯಾರು ಅನ್ಕೊಂಡಿದ್ದೀಯ? ನೀನು ಬೀದಿಲಿ ನಿಂತು ನನ್ನ ಮಹಿಮೆ ಹೇಳ್ತಿದ್ದೆ. ನಾನು ಆ ಕಾಲಲ್ಲೇ ನಿಂತಿದ್ದೆ. ನನ್ನನ್ನ ದೇವರು ಮಾಡೋದಕ್ಕಿಂತ ಒಂದು ಸ್ಟೂಲ್ ತಂದುಕೊಟ್ಟಿದ್ರೆ ಆಗ್ತಿರ್ಲಿಲ್ವೇನೋ?"

ನೀನು ಮೊದಲ ಪತ್ರದಲ್ಲೇ ಕೇಳಿದ್ದೆ, ಇಸ್ತ್ರಿ ಯಾರು ಹಾಕಿದರು ಅಂತ. ನಾನು ಸಣ್ಣ ಪ್ರಶ್ನೆ ಅಂದಿದ್ದೆ. ಉತ್ತರ ಈಗ ಬರೆದಿದ್ದೇನೆ. ಅವಳ ಮೇಲೆ ಅಂತ ಶುರುಮಾಡಿದ ಸಿಟ್ಟು ಅಲ್ಲಿಂದ ಯಾರ ಮೇಲೆ ತಿರುಗಿತು ಅಂತ ಬರೆಯುವುದಿಲ್ಲ. ನಿನಗೆ ತಿಳಿಯುತ್ತದೆ, ನೀನು ಐದನೇ ಕ್ಲಾಸು ದಾಟಿದವಳು.

ಅಂಗಡಿಯಲ್ಲಿ ಈಗ ಇಸ್ತ್ರಿ ನಾನೊಬ್ಬನೇ. ಕೋರ್ಟಿನ ವಕೀಲನೊಬ್ಬ ನಿನ್ನೆ ಅಂಗಿ ವಾಪಸ್ ತಂದು, "ನೆರಿಗೆ ಉಳಿದಿದೆ, ಅಮ್ಮಾವ್ರು ಹಾಕ್ತಿಲ್ವಾ?" ಅಂದ. ಅಂದರೆ ನಾನು ಇಸ್ತ್ರಿ ಹಾಕಿದ್ದು ಅಂತ ನಾನು ಹೇಳಿಕೊಳ್ಳುತ್ತಿದ್ದ ಕೋರ್ಟಿನ ಅಂಗಿಗಳೆಲ್ಲ ಅವಳು ಹಾಕಿದ್ದೇ. ಇದನ್ನೂ ಬರೆದುಬಿಟ್ಟೆ, ಹೋಗಲಿ.

ಪೂಜೆ ಬಿಟ್ಟಿಲ್ಲ. ಬೆಳಿಗ್ಗೆ ಬಾಗಿಲು ಹಾಕಿಕೊಂಡು ಮಾಡುತ್ತೇನೆ, ನೋಡುವವರು ಯಾರೂ ಇಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದು ಪಾದ ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತೇನೆ, ಹಿಮ್ಮಡಿಯಿಂದ ಉಗುರಿನವರೆಗೆ, ನೀನು ಬರೆದ ಹಾಗೇ. ತಣ್ಣೀರಿಗೂ ಮೊದಲು ಅವಳೇ ಕೈ ಅದ್ದುತ್ತಾಳೆ. ನನ್ನ ಕೈಯನ್ನು ನಂಬುವುದಿಲ್ಲ ಅಂತ ಮುಖಕ್ಕೇ ಹೇಳಿದಳು. ನಾನೂ ನಂಬುವುದಿಲ್ಲ.

ನಿನ್ನ ವಿಷಯ ಅವಳಿಗೆ ಗೊತ್ತಾಗಿದೆ. ನಾನು ಹೇಳಲಿಲ್ಲ. ನಿನ್ನ ಸೊಟ್ಟ ಅಕ್ಷರ ನೋಡಿ, "ಇವಳು ಮಲಗಿ ಬರೆದಿದ್ದಾಳೆ, ಎಷ್ಟು ತಿಂಗಳು?" ಅಂತ ಕೇಳಿದಳು.

ಹಾಳೆ ಎರಡೂ ಇದರ ಜೊತೆಗಿವೆ. ಎಡಪಾದದ ಸುತ್ತ ಪೆನ್ಸಿಲ್ ಐದು ಸಲ ಏರಿ ಇಳಿಯಿತು. ಬಲಪಾದದಲ್ಲಿ ಹೆಬ್ಬೆರಳಿನ ಜಾಗದಿಂದ ನೆಟ್ಟಗೆ, ಮೇಜಿನ ಅಂಚಿನ ಮೇಲೆ ಹೋದ ಹಾಗೆ ಹೋಯಿತು. ಕೊನೆಗೆ ಕಿರುಬೆರಳ ಹತ್ತಿರ ಒಂದೇ ಒಂದು ಸಲ ಏರಿ ಇಳಿಯಿತು. ಗೆರೆ ತಪ್ಪಿದೆ ಎಂದು ತಿಳಿಯಬೇಡ, ಸರಿಯಾಗಿಯೇ ಇದೆ. ಎಲ್ಲೂ ಎತ್ತಲಿಲ್ಲ.

ಬೆರಳ ಸಂದು ಒರೆಸಿ ಅಂತ ಬರೆದಿದ್ದೀಯ. ದಿನಾ ಬಟ್ಟೆ ಹಿಡಿದು ಕೂರುತ್ತೇನೆ. ಎಡಗಾಲಿನಲ್ಲಿ ಒರೆಸುತ್ತೇನೆ. ಬಲಗಾಲಿನಲ್ಲಿ ಒರೆಸಲು ಸಂದೇ ಇಲ್ಲ. ಸಂದಿರಬೇಕಾದರೆ ಎರಡು ಬೆರಳಾದರೂ ಬೇಕು.

ಎರಡು ಅಂತ ಬರೆದದ್ದು ಸುಳ್ಳು. ಸಣ್ಣವು ಅನ್ನುವುದೂ ಸುಳ್ಳು. ಈ ಲೆಕ್ಕವನ್ನು ಮಾತ್ರ ಭಾಗಿಸಬೇಡ, ಮೇಸ್ತ್ರಿಗೆ ಹೀಗೇ ಹೇಳು.

ನಾಲ್ಕು.